ಪಿಕ್‌ಅಪ್‌ಗೆ 'ಗಟ್ಟಿ ಶಾಕಪ್' ಹುಡುಕುವ ಮುನ್ನ

ವಾಶಿಯ ಎಪಿಎಂಸಿ ಮಾರುಕಟ್ಟೆಯಿಂದ ನಸುಕಿನಲ್ಲೇ ತರಕಾರಿ, ತೆಂಗಿನಕಾಯಿ ತುಂಬಿಕೊಂಡು ಥಾಣೆ, ಡೊಂಬಿವಲಿಯ ಕಡೆಗೆ ಹೊರಡುವ ಪಿಕ್‌ಅಪ್‌ಗಳಲ್ಲಿ ಕನ್ನಡಿಗರ ಹೋಟೇಲು, ಕ್ಯಾಟರಿಂಗ್ ವ್ಯವಹಾರಕ್ಕೆ ದುಡಿಯುವ ವಾಹನಗಳೂ ಇವೆ. ಮದುವೆ, ಸಂಘಗಳ ವಾರ್ಷಿಕೋತ್ಸವದ ದಿನಗಳು ಬಂತೆಂದರೆ ಅದೇ ವಾಹನಕ್ಕೆ ಹಂಡೆ, ಕಡಾಯಿಗಳ ಭಾರ. ಇಂಜಿನ್ ಆಯಿಲ್, ಬ್ರೇಕು, ಟಯರಿನ ಬಗ್ಗೆ ಕಾಳಜಿ ವಹಿಸುವ ಮಾಲಕರು ಶಾಕ್ ಅಬ್ಸಾರ್ಬರ್ ಬದಲಿಸುವಾಗ ಮಾತ್ರ ಅಂಗಡಿಯವರು ಕೊಟ್ಟದ್ದನ್ನು ತಂದು ಹಾಕಿಸುವುದುಂಟು.

'ಲೋಡು ಜಾಸ್ತಿ ಇರುತ್ತದೆ, ಗಟ್ಟಿ ಶಾಕಪ್ ಕೊಡಿ' ಎಂದು ಕೇಳುವಲ್ಲಿಯೇ ಎಡವಟ್ಟು ಶುರುವಾಗುತ್ತದೆ. ಭಾರ ಹೊರುವುದು ಪಟ್ಟಾ ಸ್ಪ್ರಿಂಗ್. ಹೊಂಡಕ್ಕೆ ಇಳಿದು ಎದ್ದ ಮೇಲೆ ಆ ಪಟ್ಟಾ ಕುಣಿಯುತ್ತಲೇ ಇರದಂತೆ ತಡೆಯುವುದು ಶಾಕ್ ಅಬ್ಸಾರ್ಬರ್. ಒಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ತಳ್ಳುವಾಗ ಕುಣಿತದ ಶಕ್ತಿ ಬಿಸಿಯಾಗಿ ಹೊರಹೋಗುತ್ತದೆ. ವಾಹನದ ಹಿಂಭಾಗ ಕುಸಿದು ಕೂತಿದ್ದರೆ ಪಟ್ಟಾ ರಿಪೇರಿ ಮಾಡಿಸಬೇಕು. ಎಷ್ಟೇ ದುಬಾರಿ ಶಾಕಪ್ ಹಾಕಿದರೂ ಅದು ಮೇಲೇಳದು.

ಪಿಕ್‌ಅಪ್‌ನ ಕಷ್ಟವೇ ಬೇರೆ. ಹೋಗುವಾಗ ತುಂಬಿರುತ್ತದೆ, ಬರುವಾಗ ಖಾಲಿ. ತುಂಬಿದಾಗ ಹಿತವೆನಿಸುವ ವಿಪರೀತ ಬಿಗಿಯ ಶಾಕ್ ಅಬ್ಸಾರ್ಬರ್, ಖಾಲಿ ಬರುವಾಗ ಹಿಂದಿನ ಚಕ್ರವನ್ನು ರಸ್ತೆಗೆ ಅಂಟಿಕೊಂಡು ಓಡಲು ಬಿಡುವುದಿಲ್ಲ. ಮಳೆಗಾಲದಲ್ಲಿ ಒದ್ದೆಯಾದ ಫ್ಲೈಓವರಿನ ಜೋಡಣೆಯ ಮೇಲೆ ಚಕ್ರ ಪುಟಿದ ಗಳಿಗೆಯಲ್ಲೇ ಬ್ರೇಕು ತುಳಿದರೆ ಹಿಂಭಾಗ ಪಕ್ಕಕ್ಕೆ ಜಾರಬಹುದು. ಸವೆದು ಸತ್ವ ಕಳೆದುಕೊಂಡ ಶಾಕಪ್‌ನಿಂದಲೂ ಇದೇ ಅಪಾಯ. ಆದುದರಿಂದ ಅತಿ ಹೆಚ್ಚು ಲೋಡಿನ ಒಂದು ದಿನವನ್ನಲ್ಲ, ವಾಹನದ ಇಡೀ ವಾರದ ಓಡಾಟವನ್ನು ಲೆಕ್ಕ ಹಾಕಿ ಆರಿಸಬೇಕು. ಊರೊಳಗಿನ ಓಡಾಟಕ್ಕೆ ಕಂಪೆನಿ ಅಳತೆಯ ಸಾದಾ ಎಣ್ಣೆಯ ಶಾಕಪ್ ಧಾರಾಳ ಸಾಕು. ಹೊಂಡ ಬಿದ್ದ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡುವ ವಾಹನಕ್ಕೆ ಗ್ಯಾಸ್ ತುಂಬಿದ್ದು ಒಳ್ಳೆಯದು. ಅದರಲ್ಲೂ ಎಣ್ಣೆಯೇ ಕೆಲಸ ಮಾಡುವುದು. ನೈಟ್ರೋಜನ್ ಒತ್ತಡದಿಂದಾಗಿ ಎಣ್ಣೆ ಸುಲಭವಾಗಿ ನೊರೆಯಾಗುವುದಿಲ್ಲ, ಅಷ್ಟೇ.

ಬಿಡಿಭಾಗ ಕೊಳ್ಳಲು ಆಪೆರಾ ಹೌಸ್ ಪರಿಸರಕ್ಕೋ ಕುರ್ಲಾದ ಸಿಎಸ್‌ಟಿ ರಸ್ತೆಗೋ ಹೋಗುವವರು ವಾಹನದ ಹೆಸರನ್ನಷ್ಟೇ ಹೇಳಿದರೆ ಸಾಲದು. ಬೊಲೆರೊ ಪಿಕ್‌ಅಪ್ ಒಂದರಲ್ಲೇ 1.3 ಟನ್, 1.7 ಟನ್ನಿನಂಥ ಬೇರೆ ಬೇರೆ ಮಾದರಿಗಳು ಬಂದಿವೆ. ಆರ್‌ಸಿಯ ಪ್ರತಿ, ಹಳೆಯ ಶಾಕಪ್‌ನ ಪಾರ್ಟ್ ನಂಬರ್ ಕೈಯಲ್ಲಿರಲಿ. 1961ರಲ್ಲಿ ಸ್ಥಾಪನೆಯಾದ ಗೇಬ್ರಿಯಲ್ ಇಂಡಿಯಾದಂಥ ಹೆಸರಾಂತ ತಯಾರಕರ ಮಾಲು ಬೇಕೆಂದರೆ ಅಧಿಕೃತ ವಿತರಕರಲ್ಲಿ ಜಿಎಸ್‌ಟಿ ಬಿಲ್ ಪಡೆದೇ ಕೊಳ್ಳುವುದು ಲೇಸು. ಬಣ್ಣ ಬಳಿದು ಹೊಸದಾಗಿಸಿದ ಹಳೆಯ ಸರಕಿಗೆ ಯಾವ ಗ್ಯಾರಂಟಿಯೂ ಇಲ್ಲ.

ಹಿಂದೆ ಒಂದು ಪಟ್ಟಾ ಹೆಚ್ಚಿಗೆ ಹಾಕಿಸಿ ವಾಹನ ಎತ್ತರಿಸಿದವರಂತೂ ಉದ್ದವನ್ನು ಅಳೆದೇ ತರಬೇಕು. ಶಾಕಪ್ ಗಿಡ್ಡವಾದರೆ ಚಕ್ರ ಹೊಂಡಕ್ಕೆ ಇಳಿದಾಗಲೆಲ್ಲ ಪೂರ್ತಿ ಎಳೆದುಕೊಂಡು ಒಂದಲ್ಲ ಒಂದು ದಿನ ಹಿಡಿಕೆಯನ್ನೇ ಕಿತ್ತುಹಾಕುತ್ತದೆ. ಇನ್ನು ಪಟ್ಟಾ ಹಾಕಿಸಿದಾಕ್ಷಣ ಹೆಚ್ಚು ಹೇರುವ ಪರವಾನಿಗೆ ಸಿಕ್ಕಿದಂತಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಅಧಿಕ ಭಾರಕ್ಕೆ 20,000 ರೂ. ಹಾಗೂ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂ. ದಂಡ ನಿಗದಿಯಾಗಿದೆ.

ಬದಲಿಸುವ ಸಮಯ ಬಂತೇ ಎಂದು ತಿಳಿಯಲು ಖಾಲಿ ಪಿಕ್‌ಅಪ್‌ನ ಮೂಲೆಯನ್ನು ಕೈಯಿಂದ ಒತ್ತಿ ನೋಡಿ ಪ್ರಯೋಜನವಿಲ್ಲ. ಪಟ್ಟಾ ಬಿಗಿಯಾಗಿರುವುದರಿಂದ ಅದು ಅಲುಗುವುದೇ ಕಮ್ಮಿ. ಶಾಕಪ್‌ನ ಮೈಮೇಲೆ ಎಣ್ಣೆ ಇಳಿದಿದೆಯೇ, ಟಯರು ಅಲ್ಲಲ್ಲಿ ತಗ್ಗುತಗ್ಗಾಗಿ ಸವೆದಿದೆಯೇ, ರಬ್ಬರ್ ಬುಷ್ ಸೀಳಿದೆಯೇ ನೋಡಬೇಕು. ಒಂದು ಕಡೆಯದು ಹೋಗಿದ್ದರೂ ಎಡ-ಬಲ ಜೋಡಿಯನ್ನೇ ಬದಲಿಸಬೇಕು.

ಜೋಡಿಸುವಾಗ ಮಾಲಕರೂ ಪಕ್ಕದಲ್ಲಿದ್ದರೆ ಒಳಿತು. ಪಿಸ್ಟನ್ ರಾಡನ್ನು ಪಕ್ಕಡಿನಿಂದ ಹಿಡಿಯಲು ಬಿಡಬಾರದು. ಗೀರು ಬಿದ್ದರೆ ಅದೇ ಗೀರು ಆಯಿಲ್ ಸೀಲನ್ನು ಕೊಯ್ಯುತ್ತದೆ. ಬುಷ್‌ನ ಬೋಲ್ಟನ್ನು ಕೊನೆಯದಾಗಿ ಬಿಗಿಯುವುದು ವಾಹನ ಜಾಕಿನಿಂದ ಇಳಿದು ಚಕ್ರದ ಮೇಲೆ ನಿಂತ ಬಳಿಕ. ನಾಲ್ಕೈದು ದಿನ ಓಡಿಸಿದ ಮೇಲೆ ಅದೇ ಬೋಲ್ಟುಗಳಿಗೆ ಇನ್ನೊಮ್ಮೆ ಪಾನಾ ಹಾಕಿ ನೋಡಿದರೆ ಆಯಿತು.