ಮುಧೋಳ ನಾಯಿ: 'ಅರಮನೆ ರಕ್ತ' ಬೆರೆಯದಿದ್ದರೆ ಮರಿ ಗಟ್ಟಿಯೇ?

ನಾಯಿಮರಿ ಮಾರಾಟದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಆಗಾಗ ಕಾಣುತ್ತದೆ: "ಇದು ಅರಮನೆ ವಂಶದ ಮರಿ, ಹೊರಗಿನ ರಕ್ತ ಬೆರೆತಿಲ್ಲ, ಹಾಗಾಗಿ ರೋಗವೇ ಬರಲ್ಲ." ಇದರಲ್ಲಿ ಎಷ್ಟು ನಿಜ? ನೋಡೋಣ.

ಅರಮನೆಯ ಕಥೆ ಏನು?

ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ ಹಿಂದೆ ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಆ ಮನೆತನದ ರಾಜಾ ಮಾಲೋಜಿರಾವ್ ಘೋರ್ಪಡೆ ಅವರು ಸುತ್ತಲಿನ ಹಳ್ಳಿಗಳ ಬೇಟೆಗಾರರ ಬಳಿ ಇದ್ದ ತೆಳ್ಳನೆಯ, ವೇಗದ ನಾಯಿಗಳನ್ನು ಆರಿಸಿ ಸಾಕಿ, ತಳಿಯನ್ನು ಬೆಳೆಸಿದರು. ಒಂದು ಜೋಡಿಯನ್ನು ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಕಾಣಿಕೆ ಕೊಟ್ಟರು. ಊರಿನ ಹೆಸರು ನಾಯಿಗೆ ಅಂಟಿತು. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರವಿರುವ ಅಂಚೆಚೀಟಿ ತಂದಿತು.

ಅಂದರೆ ಮನೆತನದ ಕೊಡುಗೆ ನಿಜ. ಆದರೆ ಅರಮನೆಯ ನಾಯಿಗಳು ಬಂದದ್ದೇ ಹಳ್ಳಿಗಳಿಂದ. ಇಂದಿಗೂ ಮುಧೋಳದ ಸುತ್ತ ಹಲವು ರೈತ ಕುಟುಂಬಗಳು ಇವನ್ನು ಸಾಕಿ ಆದಾಯ ಪಡೆಯುತ್ತಿವೆ. ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ.

ಒಂದೇ ರಕ್ತದಲ್ಲಿ ಕೂಡಿಸಿದರೆ ಏನಾಗುತ್ತದೆ?

ಮರಿಗೆ ಪ್ರತಿ ಜೀನ್‌ನ ಒಂದು ಪ್ರತಿ ತಾಯಿಯಿಂದ, ಇನ್ನೊಂದು ತಂದೆಯಿಂದ ಬರುತ್ತದೆ. ಅನೇಕ ದೋಷಗಳು ಒಂದೇ ಪ್ರತಿಯಲ್ಲಿದ್ದರೆ ಅಡಗಿರುತ್ತವೆ, ಎರಡೂ ಪ್ರತಿ ದೋಷವಾಗಿದ್ದರೆ ಮಾತ್ರ ರೋಗ ಹೊರಬರುತ್ತದೆ. ಅಣ್ಣ-ತಂಗಿ ನಾಯಿಗಳನ್ನು ಕೂಡಿಸಿದರೆ, ಯಾವುದೇ ಜೀನ್‌ನ ಎರಡೂ ಪ್ರತಿಗಳು ಒಂದೇ ಪೂರ್ವಜನಿಂದ ಬಂದಿರುವ ಸಾಧ್ಯತೆ 25%. ತಂದೆ-ಮಗಳನ್ನು ಕೂಡಿಸಿದರೂ ಅಷ್ಟೇ. ಇದನ್ನೇ ಮುಂದುವರಿಸಿದರೆ ಸೂಲಿಗೆ ಮರಿಗಳು ಕಡಿಮೆಯಾಗುತ್ತವೆ, ಹುಟ್ಟಿದವೂ ಹೆಚ್ಚು ಸಾಯುತ್ತವೆ, ಆಯಸ್ಸೂ ಕುಗ್ಗುತ್ತದೆ. ಬ್ರಿಟನ್ನಿನ ಕೆನಲ್ ಕ್ಲಬ್ 2009ರಲ್ಲಿ ಇಂಥ ಹತ್ತಿರದ ಸಂಬಂಧದ ಮರಿಗಳ ನೋಂದಣಿಯನ್ನೇ ನಿಲ್ಲಿಸಿತು.

ಹೊರಗಿನ ರಕ್ತ ತಳಿಯನ್ನು ಕೆಡಿಸುತ್ತದೆಯೇ?

ಚುಕ್ಕೆಗಳ ಡಾಲ್ಮೇಷಿಯನ್ ನಾಯಿಯನ್ನು ನೋಡಿ. ಯೂರಿಕ್ ಆಮ್ಲಕ್ಕೆ ಸಂಬಂಧಿಸಿದ ಒಂದು ಜೀನ್‌ನ ದೋಷ ಇಡೀ ತಳಿಗೆ ಹರಡಿ, ಮೂತ್ರಕೋಶದಲ್ಲಿ ಕಲ್ಲಾಗುವ ತೊಂದರೆ ಕಾಡುತ್ತಿತ್ತು. ತಳಿಯೊಳಗೆ ಸರಿಯಾದ ಪ್ರತಿಯೇ ಉಳಿದಿರಲಿಲ್ಲ. 1973ರಲ್ಲಿ ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ ಒಮ್ಮೆ ಮಾತ್ರ ಪಾಯಿಂಟರ್ ತಳಿಯ ನಾಯಿಯ ಜೊತೆ ಕೂಡಿಸಿ, ನಂತರದ ಪೀಳಿಗೆಗಳನ್ನು ಮತ್ತೆ ಡಾಲ್ಮೇಷಿಯನ್‌ಗಳ ಜೊತೆಗೇ ಬೆಳೆಸಿದರು. ಚುಕ್ಕೆ ಉಳಿಯಿತು, ದೋಷ ಹೋಯಿತು. ಆದರೂ ಅಮೆರಿಕನ್ ಕೆನಲ್ ಕ್ಲಬ್ ಈ ಸಾಲನ್ನು ಒಪ್ಪಿದ್ದು 2011ರಲ್ಲಿ.

ಹಾಗಂತ ಸಿಕ್ಕಸಿಕ್ಕ ನಾಯಿಯ ಜೊತೆ ಕೂಡಿಸಿ ಎಂದಲ್ಲ. ಅದೇ ತಳಿಯ, ಆದರೆ ಸಂಬಂಧವಿಲ್ಲದ ಬೇರೆ ಊರಿನ, ಬೇರೆ ಮನೆಯ ನಾಯಿ ಸಿಕ್ಕರೆ ಸಾಕಷ್ಟು ಲಾಭವಿದೆ.

ಮರಿ ಕೊಳ್ಳುವ ಮುನ್ನ

* ವಂಶಾವಳಿಯಲ್ಲಿ ತಾಯಿ ಮತ್ತು ತಂದೆ ಎರಡೂ ಕಡೆ ಒಂದೇ ಹೆಸರು ಮತ್ತೆ ಮತ್ತೆ ಬಂದಿದೆಯೇ ನೋಡಿ. ಬಂದಿದ್ದರೆ ಅದು ಹೆಮ್ಮೆಯಲ್ಲ, ಎಚ್ಚರಿಕೆ.
* ತಾಯಿ ನಾಯಿಯನ್ನು ಕಣ್ಣಾರೆ ನೋಡಿ. ಹಿಂದಿನ ಸೂಲಿನಲ್ಲಿ ಎಷ್ಟು ಮರಿ ಬದುಕಿದವು ಎಂದು ಕೇಳಿ.
* ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಇದು 2017ರ ಕೇಂದ್ರದ ನಿಯಮ.
* ಲಸಿಕೆ ದಾಖಲೆ ಪಡೆದು, ಪಶುವೈದ್ಯರಿಗೆ ತೋರಿಸಿ.

ನಮ್ಮ ತೀರ್ಮಾನ: ಮುಧೋಳ ಅರಮನೆಯ ಇತಿಹಾಸ ನಿಜ. 'ಬೆರೆಯದ ರಕ್ತಕ್ಕೆ ರೋಗವಿಲ್ಲ' ಎಂಬುದು ಸುಳ್ಳು. ವಂಶಾವಳಿ ಇರುವುದು ಮೆರೆಯಲಿಕ್ಕಲ್ಲ, ಹತ್ತಿರದ ಸಂಬಂಧ ತಪ್ಪಿಸಲಿಕ್ಕೆ. ಅಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಇದನ್ನು ನೆನಪಿಡಿ.