ಚೌಕ್, ಕಟ್ಟಿ, ಮೈದಾನ

ಕಲಬುರಗಿಯ ಹಳೆಯ ಪೇಟೆಯಲ್ಲಿ ದಾರಿ ಕೇಳಿದವನಿಗೆ ದೊರೆಯುವ ಉತ್ತರಗಳನ್ನು ಸ್ವಲ್ಪ ಕಿವಿಗೊಟ್ಟು ಆಲಿಸಿದರೆ, ಜನರು ಒಂದೆಡೆ ನೆರೆಯುವ ಬಯಲಿಗೆ ಈ ನಗರವು ಎಷ್ಟು ಭಾಷೆಗಳ ಭಂಡಾರದಿಂದ ಹೆಸರುಗಳನ್ನು ತಂದುಕೊಂಡಿದೆ ಎಂಬುದು ಮನಸ್ಸಿಗೆ ಹೊಳೆಯದಿರದು. ಸಂಸ್ಕೃತದ ‘ಚತುಷ್ಕ’ವು ಪ್ರಾಕೃತದ ನಾಲಗೆಯ ಮೇಲೆ ಮೆತ್ತಗಾಗಿ, ಹಿಂದಿ ಮರಾಠಿ ಉರ್ದುಗಳ ಸೀಮೆಯನ್ನು ಸುತ್ತಿ, ಇಲ್ಲಿಗೆ ‘ಚೌಕ್’ ಆಗಿ ಬಂದು ನೆಲಸಿತು. ನೆರೆಯ ಬೀದರಿನ ಹಳೆಯ ಪಟ್ಟಣದಲ್ಲಿ ನಾಲ್ಕು ದಾರಿಗಳು ಕೂಡುವೆಡೆ ನಿಂತಿರುವ ದುಂಡನೆಯ ಗೋಪುರಕ್ಕೆ ‘ಚೌಬಾರಾ’ ಎಂಬ ಹೆಸರಿದ್ದು, ಅಲ್ಲಿಯೂ ಅದೇ ನಾಲ್ಕರ ಎಣಿಕೆಯಿದೆ. ಪಾರಸಿಯಲ್ಲಿ ನಿಧಿಯೆಂಬ ಅರ್ಥವುಳ್ಳ ‘ಗಂಜ್’ ಧಾನ್ಯದ ಪೇಟೆಯಾಗಿ ಪರಿಣಮಿಸಿತು. ತೊಗರಿ ಬೆಳೆಯುವ ಈ ಸೀಮೆಯ ರೈತನಿಗೆ ನೆಹರು ಗಂಜ್ ನಿಜಕ್ಕೂ ನಿಧಿಯೇ ಹೌದೋ ಅಲ್ಲವೋ ಎಂಬುದನ್ನು ಆ ವರ್ಷದ ಧಾರಣೆಯೇ ಹೇಳಬೇಕು.

‘ಮೈದಾನ’ದ ಪ್ರಯಾಣವಂತೂ ಇನ್ನೂ ದೀರ್ಘವಾದುದು. ಇರಾನಿನ ಇಸ್ಫಹಾನದ ರಾಜಾಂಗಣಕ್ಕೂ, ಉಕ್ರೇನಿನ ರಾಜಧಾನಿ ಕೀವ್ ನಗರದ ನಡುವಣ ಸ್ವಾತಂತ್ರ್ಯ ಚೌಕಕ್ಕೂ, ನಮ್ಮಲ್ಲಿ ಹುಡುಗರು ಕ್ರಿಕೆಟ್ ಆಡುವ ಶಾಲೆಯ ಬಯಲಿಗೂ ಇದೊಂದೇ ಮಾತು ಸಲ್ಲುತ್ತದೆ. ದೊಡ್ಡ ಕೂಟಕ್ಕೆ ಬೇಕಾದುದೂ ಇಂಥ ಬಯಲೇ: 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ, ನಿಜಾಮರ ಆಳ್ವಿಕೆಯ ಕಾಲದಲ್ಲಿಯೇ, ಸಾಹಿತ್ಯ ಸಮ್ಮೇಳನವನ್ನು ಕಂಡ ಕಲಬುರಗಿಯು, 2020ರ ಸಮ್ಮೇಳನಕ್ಕೆ ಹಳೆಯ ಪೇಟೆಯಲ್ಲಿ ಎಡೆ ಸಾಲದೆ ಊರಾಚೆಯ ವಿಶ್ವವಿದ್ಯಾಲಯದ ಆವರಣವನ್ನು ಆಶ್ರಯಿಸಬೇಕಾಯಿತು.

ಇಷ್ಟೊಂದು ಬಯಲಿನ ಹೆಸರುಗಳುಳ್ಳ ಈ ಊರಿನ ಕೋಟೆಯೊಳಗೆ 1367ರಲ್ಲಿ ಬಹಮನಿಗಳು ಕಟ್ಟಿಸಿದ ಜಾಮಿ ಮಸೀದಿಗೆ ಮಾತ್ರ, ಇತರ ದೊಡ್ಡ ಮಸೀದಿಗಳಲ್ಲಿ ಸಾಮಾನ್ಯವಾಗಿ ಕಾಣುವ ತೆರೆದ ಅಂಗಳವೇ ಇಲ್ಲ. ಆ ಅಂಗಳವಿರಬೇಕಾದ ಎಡೆಯನ್ನೆಲ್ಲ ಕಮಾನುಗಳ ಸಾಲುಗಳೂ ಸಣ್ಣ ಗುಮ್ಮಟಗಳೂ ಆವರಿಸಿವೆ. ಬೇಸಗೆಯ ಮಧ್ಯಾಹ್ನದಲ್ಲಿ ಕಲಬುರಗಿಯ ಬಿಸಿಲನ್ನು ಒಮ್ಮೆ ಅನುಭವಿಸಿದವನು ಆ ಶಿಲ್ಪಿಯನ್ನು ಮನಸಾರೆ ಹರಸಿಯಾನು.

ಆದರೆ ಪಟ್ಟಣವನ್ನು ಬಿಟ್ಟು ಹುಮನಾಬಾದಿನ ದಾರಿ ಹಿಡಿದು ಕಮಲಾಪುರದ ಕಡೆಗೆ ಸಾಗಿದರೆ, ಅಕ್ಕಪಕ್ಕದ ಹಳ್ಳಿಗಳಲ್ಲಿ ಕೇಳಿಬರುವ ಮಾತುಗಳು ಬೇರೆ: ಅಗಸಿ, ಕಟ್ಟಿ, ಚಾವಡಿ. ಊರ ಬಾಗಿಲೇ ಅಗಸಿ. ಬಾಗಿಲು ಬಿದ್ದುಹೋಗಿ ಎಷ್ಟೋ ಕಾಲವಾದ ಊರುಗಳಲ್ಲಿಯೂ ಆ ಎಡೆಯನ್ನು ಜನರು ಅಗಸಿಯೆಂದೇ ಕರೆಯುತ್ತಾರೆ. ದಕ್ಷಿಣದವರ ‘ಕಟ್ಟೆ’ ಇಲ್ಲಿ ‘ಕಟ್ಟಿ’ಯಾಗಿದೆ. ಹನುಮಪ್ಪನ ಗುಡಿಯ ಮುಂದೆ ಬೇವಿನ ಮರದ ಬುಡಕ್ಕೆ ಸುತ್ತಲೂ ಕಟ್ಟಿದ ಕಲ್ಲಿನ ಜಗಲಿ, ಅದರ ಹಾಸುಗಲ್ಲಿನ ಮೇಲೆ ಯಾರೋ ಉಳಿಯಿಂದ ಕೊರೆದ ಹುಲಿ-ಕುರಿ ಆಟದ ಗೆರೆಗಳು, ಆ ಗೆರೆಗಳ ನಡುವೆ ತಲೆಮಾರುಗಳ ಕೈಯಾಡಿ ನುಣುಪಾದ ಕಲ್ಲು, ಮಗ್ಗುಲಲ್ಲಿ ಎಲೆ ಅಡಿಕೆಯ ಸಂಚಿ ಬಿಚ್ಚಿಟ್ಟುಕೊಂಡು “ಈ ಸಲ ತೊಗರಿ ಏನ್ ರೇಟ್ ಐತೋ ತಮ್ಮಾ?” ಎಂದು ವಿಚಾರಿಸುವ ಹಿರಿಯರು: ಕಟ್ಟಿಯೆಂದರೆ ಇಷ್ಟೆಲ್ಲವೂ ಸೇರಿಯೇ. ಮೊಹರಮ್ಮಿನ ಕಾಲಕ್ಕೆ ಸಮೀಪದಲ್ಲಿಯೇ ಅಲಾಯಿ ಕುಣಿಯನ್ನು ತೋಡಿ, ಬೆಂಕಿ ಹಾಕಿ, ಜಾತಿಮತಗಳ ಭೇದವನ್ನು ಕೆಲದಿನ ಬದಿಗಿಟ್ಟು, ಅದರ ಸುತ್ತ ಹೆಜ್ಜೆ ಹಾಕುತ್ತ ಜನರು ರಿವಾಯತ ಪದಗಳನ್ನು ಹಾಡುವರು. ಹಬ್ಬ ಮುಗಿದು ಕುಣಿ ಮುಚ್ಚಿದ ಮೇಲೆ ಅಲ್ಲಿ ಕುಣಿಯಿತ್ತೆಂಬುದು ಪರಊರಿನವನಿಗೆ ತಿಳಿಯುವ ಬಗೆಯಿಲ್ಲ.

ಕಟ್ಟಿಯನ್ನು ಹೊಗಳುವ ಭರದಲ್ಲಿ ಒಂದು ಮಾತನ್ನು ಮರೆಮಾಚಲಾಗದು. ಅದರ ಮೇಲೆ ಕೂಡುವ ಅಧಿಕಾರ ಎಲ್ಲರಿಗೂ ಇರಲಿಲ್ಲ. ಹೆಂಗಸರು ದೂರದಿಂದಲೇ ಸೆರಗು ಹೊದ್ದು ಹಾದುಹೋದರು, ಕೇರಿಯವರು ಕೆಳಗೆ ನಿಂತೇ ನ್ಯಾಯ ಕೇಳಿದರು. ಹನ್ನೆರಡನೆಯ ಶತಮಾನದಲ್ಲಿ ಇದೇ ಸೀಮೆಯ ಕಲ್ಯಾಣದಲ್ಲಿ ಮಾದಾರ ಚೆನ್ನಯ್ಯನ ಹೆಸರನ್ನು ಬಸವಣ್ಣನವರು ಅಭಿಮಾನದಿಂದ ಎತ್ತಿದ್ದರ ದಿಟ್ಟತನವು ಈ ಕಟ್ಟಿಗಳ ವ್ಯವಸ್ಥೆಯನ್ನು ಬಲ್ಲವರಿಗಷ್ಟೇ ಪೂರ್ಣವಾಗಿ ಅರ್ಥವಾದೀತು.

ಈಗಿನ ಮಾತು ‘ಸರ್ಕಲ್’. ಕಡತಗಳಲ್ಲಿ ಅದು ‘ವೃತ್ತ’. ಜಗತ್ ಸರ್ಕಲ್ಲಿನಲ್ಲಿ ಸಂಜೆಯ ಹೊತ್ತು ನಿಂತು ನೋಡಿದರೆ, ಆಟೋಗಳೂ ಬಸ್ಸುಗಳೂ ಎಡೆಬಿಡದೆ ಸುತ್ತುತ್ತಿರುವ ಆ ಸ್ಥಳವು ವಾಹನಕ್ಕಾಗಿ ಇರುವುದೇ ಹೊರತು ಮನುಷ್ಯನಿಗಾಗಿ ಅಲ್ಲವೆಂಬುದು ವಿದಿತವಾಗುತ್ತದೆ. ಕೂಡುವುದಕ್ಕೆ ಕಟ್ಟಿ, ಕೊಳ್ಳುವುದಕ್ಕೆ ಗಂಜ್, ಆಡುವುದಕ್ಕೆ ಮೈದಾನವಿದ್ದಂತೆ, ಸರ್ಕಲ್ಲಿಗೆ ಸುತ್ತಿ ಹೋಗುವುದೊಂದೇ ಕೆಲಸ. ಆದರೂ ಜನರು ಸುಮ್ಮನಿಲ್ಲ: ಹೋಳಿಯ ತರುವಾಯ ಶರಣಬಸವೇಶ್ವರರ ರಥೋತ್ಸವದಂದು ಗುಡಿಯ ಮುಂದಿನ ಬಯಲು ಹಿಡಿಸದಷ್ಟು ಭಕ್ತರು ನೆರೆದು, ಪರುಷ ಬಟ್ಟಲಿನ ದರ್ಶನ ಪಡೆದು, ತೇರಿನತ್ತ ಬಾಳೆಹಣ್ಣು ಉತ್ತತ್ತಿಗಳನ್ನು ಎಸೆಯುತ್ತಾರೆ, ಬಂದೇನವಾಜರ ಉರುಸಿನ ದಿನಗಳಲ್ಲಿ ದರ್ಗಾದ ಸುತ್ತಲ ಬೀದಿಗಳೇ ಅಂಗಳಗಳಾಗುತ್ತವೆ.

ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಮಲಾಪುರವು ಈಗ ತಾಲ್ಲೂಕು ಕೇಂದ್ರವಾಗಿದೆ. ಕಚೇರಿಗಳು, ರಸ್ತೆಗಳು, ಬಹುಶಃ ಒಂದೆರಡು ವೃತ್ತಗಳು ಅಲ್ಲಿಯೂ ಎದ್ದು ನಿಲ್ಲುವ ಕಾಲವಿದು. ನಕ್ಷೆ ಬರೆಯುವ ಮಹನೀಯರಲ್ಲಿ ಒಂದೇ ಅರಿಕೆ: ಪ್ರತಿಮೆಗೆ ಎಡೆಯಿಡುವಲ್ಲಿ ಒಂದು ಬೇವಿನ ಮರಕ್ಕೂ, ಅದರ ಬುಡಕ್ಕೆ ಹೆಂಗಸರೂ ಗಂಡಸರೂ ಎಲ್ಲ ಕೇರಿಯವರೂ ಸರಿಸಮನಾಗಿ ಕೂಡಬಹುದಾದ ಒಂದು ಕಟ್ಟಿಗೂ ಜಾಗವಿಡಿ.