ನಿಂತ ನಾದ, ಚಲಿಸುವ ಕೇಳುಗ: ‘ಡ್ರೀಮ್ ಹೌಸ್’ ಕುರಿತ ಒಂದು ವಿವೇಚನೆ

ಸಂಗೀತವನ್ನು ಕಾಲದ ಕಲೆಯೆಂದೂ ಶಿಲ್ಪ, ವಾಸ್ತುಗಳನ್ನು ಅವಕಾಶದ ಕಲೆಗಳೆಂದೂ ವಿಂಗಡಿಸುವುದು ಕಲಾಮೀಮಾಂಸೆಯಲ್ಲಿ ರೂಢವಾದ ಕ್ರಮ. ಈ ವಿಂಗಡಣೆ ಎಷ್ಟರಮಟ್ಟಿಗೆ ನಿಲ್ಲಬಲ್ಲದು ಎಂಬ ಪ್ರಶ್ನೆಯನ್ನು ಅಮೆರಿಕದ ಸಂಯೋಜಕ ಲಾ ಮಾಂಟ್ ಯಂಗ್ (ಜನನ 1935) ಅವರ ಕೃತಿಗಳು ಎತ್ತುತ್ತವೆ. ಎಡೆಬಿಡದೆ ಮೊಳಗುವ ದೀರ್ಘಸ್ವರವನ್ನೇ ಕೃತಿಯನ್ನಾಗಿಸುವ ‘ಡ್ರೋನ್’ ಸಂಗೀತದ ಆದ್ಯರಲ್ಲಿ ಅವರೊಬ್ಬರು. 1960ರಲ್ಲಿ ಅವರು ರಚಿಸಿದ ಒಂದು ಕೃತಿಯಲ್ಲಿ ಇರುವುದು ಎರಡೇ ಸ್ವರ. ಅವುಗಳ ಸಂಬಂಧ ನಮ್ಮ ಷಡ್ಜ-ಪಂಚಮಗಳದು. ಅವನ್ನು ದೀರ್ಘಕಾಲ ಹಿಡಿದಿರಬೇಕೆಂಬ ಸೂಚನೆಯ ಹೊರತು ಬೇರೇನೂ ಅಲ್ಲಿಲ್ಲ.

ಯಂಗ್ ಮತ್ತು ಅವರ ಪತ್ನಿ, ಬೆಳಕಿನ ಕಲಾವಿದೆ ಮರಿಯನ್ ಜಜೀಲಾ (1940–2024) 1993ರಲ್ಲಿ ನ್ಯೂಯಾರ್ಕಿನ ಚರ್ಚ್ ಸ್ಟ್ರೀಟಿನ ಕಟ್ಟಡವೊಂದರಲ್ಲಿ ‘ಡ್ರೀಮ್ ಹೌಸ್’ ಅನ್ನು ರೂಪಿಸಿದರು. ನೇರಳೆಗೆಂಪು ಬೆಳಕಿನ, ಜಮಖಾನ ಹಾಸಿದ ಕೋಣೆಯಲ್ಲಿ ವಿದ್ಯುನ್ಮಾನ ಉಪಕರಣದಿಂದ ಹೊಮ್ಮಿದ ಹಲವು ಶುದ್ಧ ಸ್ವರಗಳು ಏಕಕಾಲಕ್ಕೆ ಮೊಳಗುತ್ತವೆ. ಧ್ವನಿವರ್ಧಕದಿಂದ ಬರುವ ನಾದದಲ್ಲಿ ವ್ಯತ್ಯಾಸವೇ ಇಲ್ಲ. ಆದರೂ ಕೇಳುಗ ಒಂದು ಹೆಜ್ಜೆ ಇಟ್ಟರೆ ಬೇರೆಯದೇ ಸ್ವರ ಮುಂದೆ ಬರುತ್ತದೆ; ತಲೆಯನ್ನು ವಾಲಿಸಿದರೆ ರಾಗದಂಥ ಎಳೆಯೊಂದು ಹುಟ್ಟುತ್ತದೆ; ಅಲುಗದೆ ನಿಂತರೆ ಅದೂ ನಿಲ್ಲುತ್ತದೆ.

ಇದರ ಕಾರಣ ಭೌತಿಕವಾದುದು. ಗೋಡೆಗೆ ಬಡಿದು ಮರಳುವ ಅಲೆ ಎದುರಿನಿಂದ ಬರುವ ಅಲೆಯೊಡನೆ ಕೂಡಿದಾಗ ಸ್ಥಿರ ತರಂಗ ಏರ್ಪಡುತ್ತದೆ. ಕೆಲವು ತಾಣಗಳಲ್ಲಿ ನಾದ ಉಬ್ಬುತ್ತದೆ, ಕೆಲವೆಡೆ ಬಹುಮಟ್ಟಿಗೆ ಅಡಗುತ್ತದೆ. 100 ಹರ್ಟ್ಜ್ ಸ್ವರದ ತರಂಗಾಂತರ ಸುಮಾರು 3.4 ಮೀಟರ್, ಅದರ ಉಬ್ಬಿಗೂ ತಗ್ಗಿಗೂ ನಡುವಣ ಅಂತರ ಇದರ ಕಾಲುಭಾಗ, ಎಂದರೆ ಸುಮಾರು 85 ಸೆಂಟಿಮೀಟರ್. 1000 ಹರ್ಟ್ಜ್ ಸ್ವರಕ್ಕೆ ಈ ಅಂತರ 8.5 ಸೆಂಟಿಮೀಟರಿಗೆ ಇಳಿಯುವುದರಿಂದ ತಲೆಯ ಅಲ್ಪ ಚಲನೆಯೂ ಸಾಕಾಗುತ್ತದೆ. ಪ್ರತಿಯೊಂದು ಸ್ವರಕ್ಕೂ ಅದರದೇ ಆದ ಉಬ್ಬುತಗ್ಗುಗಳ ನಕ್ಷೆಯಿದೆ. ಕೃತಿ ಇರುವುದು ಈ ನಕ್ಷೆಗಳು ಒಂದರ ಮೇಲೊಂದು ಹರಡಿಕೊಂಡ ಕೋಣೆಯಲ್ಲಿ. ಅದರ ಧ್ವನಿಮುದ್ರಿಕೆಯನ್ನು ಬೇರೆಡೆ ನುಡಿಸಿದರೆ ಕೇಳಿಸುವುದು ಆ ಬೇರೆ ಕೋಣೆಯ ನಕ್ಷೆಯೇ. ಆಲ್ವಿನ್ ಲೂಸಿಯರ್ (1931–2021) 1969ರಲ್ಲಿ ಇದೇ ಸಂಗತಿಯನ್ನು ಬೇರೊಂದು ದಾರಿಯಿಂದ ತೋರಿಸಿದ್ದರು. ಕೋಣೆಯಲ್ಲಿ ಆಡಿದ ಮಾತನ್ನು ಅಲ್ಲಿಯೇ ಮತ್ತೆ ಮತ್ತೆ ನುಡಿಸಿ ಮುದ್ರಿಸುತ್ತ ಹೋದಾಗ ಪದಗಳು ಕರಗಿ, ಕೋಣೆಯ ಅನುರಣನವಷ್ಟೇ ಉಳಿಯಿತು.

ಇಲ್ಲಿ ಕರ್ನಾಟಕದ ಓದುಗರಿಗೆ ಪರಿಚಿತವಾದ ಸಂಬಂಧವೊಂದಿದೆ. ಯಂಗ್ ಮತ್ತು ಜಜೀಲಾ 1970ರಿಂದ ಕಿರಾಣಾ ಘರಾಣೆಯ ಪಂಡಿತ್ ಪ್ರಾಣನಾಥರ (1918–1996) ಶಿಷ್ಯರಾಗಿದ್ದರು. ಪ್ರಾಣನಾಥರ ಗುರು ಅಬ್ದುಲ್ ವಹೀದ್ ಖಾನರು; ಅದೇ ಘರಾಣೆಯ ಅಬ್ದುಲ್ ಕರೀಂ ಖಾನರ ಕವಲು ಸವಾಯಿ ಗಂಧರ್ವರ ಮೂಲಕ ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ ಅವರವರೆಗೆ ಬೆಳೆಯಿತು. ಆದರೆ ಈ ನಂಟನ್ನು ಹಿಡಿದು ಡ್ರೋನ್ ಸಂಗೀತವೆಲ್ಲ ತಂಬೂರಿಯಿಂದಲೇ ಬಂದಿತೆನ್ನುವುದು ಆತುರದ ಮಾತಾದೀತು. ಅಲಿ ಅಕ್ಬರ್ ಖಾನರ ಧ್ವನಿಮುದ್ರಿಕೆಯಿಂದ ಯಂಗ್ 1950ರ ದಶಕದಲ್ಲಿಯೇ ತಂಬೂರಿಯನ್ನು ಕೇಳಿದ್ದರು ನಿಜ. ಬಾಲ್ಯದಲ್ಲಿ ಕೇಳಿದ ಗಾಳಿಯ ಸದ್ದನ್ನೂ ವಿದ್ಯುತ್ ಪರಿವರ್ತಕಗಳ ಗುಂಯ್‌ಗುಡುವಿಕೆಯನ್ನೂ ಅವರು ಅಷ್ಟೇ ಮುಖ್ಯವಾಗಿ ನೆನೆದಿದ್ದಾರೆ.

ಆದಕಾರಣ ‘ಡ್ರೋನ್’ ಪದಕ್ಕೆ ‘ಶ್ರುತಿ’ ಎಂಬುದನ್ನು ಪರ್ಯಾಯವಾಗಿ ಬಳಸುವಾಗ ಎಚ್ಚರ ಅಗತ್ಯ. ಕಛೇರಿಯಲ್ಲಿ ಶ್ರುತಿ ಆಧಾರ. ಗಾಯಕ ಅದರ ಮೇಲೆ ಕಾಲದಲ್ಲಿ ರಾಗವನ್ನು ವಿಸ್ತರಿಸುತ್ತಾನೆ, ಕೇಳುಗ ಕುಳಿತಿರುತ್ತಾನೆ. ಡ್ರೀಮ್ ಹೌಸಿನಲ್ಲಿ ಗಾಯಕನಿಲ್ಲ. ವಿಸ್ತಾರದ ಹೊಣೆ ಕೇಳುಗನ ಕಾಲುಗಳಿಗೆ ಬಂದಿದೆ. ‘ಆಧಾರ’ ಎಂಬ ಅರ್ಥಚ್ಛಾಯೆ ಅಲ್ಲಿ ಹೊಂದುವುದಿಲ್ಲ. ಇಂಥ ಕೃತಿಗಳಿಗೆ ‘ಅವಿರತ ನಾದ’ ಎಂಬ ಪ್ರಯೋಗ ಹೆಚ್ಚು ಸಮಂಜಸವಾಗಿ ತೋರುತ್ತದೆ.